ಸೈಕಲ್ಲಿನ ಹಿಂದೀಪ

ಕುಂದಾಪುರದಿಂದ ಬಸ್ರೂರಿಗೆ ಹೋಗುವ ಹಾದಿಯಲ್ಲಿ ಆಷಾಢದ ಸಂಜೆ ಬಲುಬೇಗ ಕತ್ತಲಾಗುತ್ತದೆ. ವಾರಾಹಿ ನದಿಯ ದಂಡೆಯ ಈ ಊರು ಒಂದು ಕಾಲಕ್ಕೆ ಹೆಸರಾಂತ ಬಂದರು. 1665ರಲ್ಲಿ ಶಿವಾಜಿಯು ಸಮುದ್ರಮಾರ್ಗವಾಗಿ ಬಂದು ಇದನ್ನು ಸೂರೆಮಾಡಿದ್ದನು. ಈಗ ಆ ಹಡಗುಗಳಿಲ್ಲ. ಮಳೆ ಮಾತ್ರ ಉಂಟು. ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಬೀಳುತ್ತದೆ. ಅಂತಹ ಮಳೆಯಲ್ಲಿ, ಕರಿಯ ರಸ್ತೆಯ ಮೇಲೆ ಸಾಗುವ ಸೈಕಲ್ ಸವಾರನು ಹಿಂದಿನಿಂದ ಬರುವ ಲಾರಿಯ ಚಾಲಕನ ಕಣ್ಣಿಗೆ ಬೀಳುವುದು ಹೇಗೆ? ಈ ಚಿಂತೆಯಿಂದಲೇ ನಾನು ಮನೆಯಲ್ಲಿ ಹಿಂದೀಪವೊಂದನ್ನು ಮಾಡಲು ತೊಡಗಿದೆನು.

ಹಿಂದೆ ಅನೇಕ ಸೈಕಲ್ಲುಗಳಿಗೆ ಚಕ್ರಕ್ಕೆ ತಾಗಿ ತಿರುಗುವ ಡೈನಮೋ ಇರುತ್ತಿತ್ತು. ಚಕ್ರ ನಿಂತೊಡನೆ ಅದರ ದೀಪವೂ ಆರುತ್ತಿತ್ತು. ಈಗ ಎಲ್‌ಇಡಿ ಇದೆ. ಕೆಂಪು ಬೆಳಕಿನ ಎಲ್‌ಇಡಿಯನ್ನು ನಿಕ್ ಹೊಲೊನ್ಯಾಕ್ ಎಂಬ ಅಮೆರಿಕದ ವಿಜ್ಞಾನಿ 1962ರಲ್ಲಿ ತಯಾರಿಸಿದರು. ಅದಕ್ಕೆ ಸುಮಾರು 2 ವೋಲ್ಟ್ ಸಾಕು. ಎರಡು ಸೆಲ್ಲುಗಳು ಕೊಡುವುದು 3 ವೋಲ್ಟ್. ಉಳಿದ 1 ವೋಲ್ಟನ್ನು ತಡೆಯಲು 100 ಓಮ್‌ನ ರೋಧಕವಿಟ್ಟರೆ 10 ಮಿಲಿಆಂಪಿಯರ್ ವಿದ್ಯುತ್ ಹರಿಯುತ್ತದೆ. ಇಂತಹ ಮೂರು ಎಲ್‌ಇಡಿಗಳನ್ನು, ಒಂದೊಂದಕ್ಕೂ ಪ್ರತ್ಯೇಕ ರೋಧಕವಿಟ್ಟು, ಜೋಡಿಸಿದೆನು. ಇಷ್ಟು ಸುಲಭ. ಕಷ್ಟವಿದ್ದುದು ಕವಚದಲ್ಲಿ.

ಮಳೆನೀರಿನ ಪಿ.ವಿ.ಸಿ. ಕೊಳವೆಗೆ ಹಾಕುವ 75 ಮಿಲಿಮೀಟರ್ ಅಳತೆಯ ಮುಚ್ಚಳವೇ ನನ್ನ ಕವಚವಾಯಿತು. ಅದರ ತೆರೆದ ಬಾಯಿಗೆ ಪಾರದರ್ಶಕ ಪ್ಲಾಸ್ಟಿಕ್ಕಿನ ಬಿಲ್ಲೆಯೊಂದನ್ನು ಕತ್ತರಿಸಿ, ಸುತ್ತಲೂ ಅಂಟು ಬಳಿದು ಭದ್ರಪಡಿಸಿದೆನು. ಬಕೆಟ್ಟಿನ ನೀರಿನಲ್ಲಿ ಮುಳುಗಿಸಿ ನೋಡಿದಾಗ ಒಂದು ಹನಿಯೂ ಒಳಸೇರಲಿಲ್ಲ. ನನ್ನ ಹೆಮ್ಮೆಗೆ ಪಾರವಿರಲಿಲ್ಲ! ಆದರೆ ಹದಿನೈದು ದಿನಗಳಲ್ಲಿ ಬಿಲ್ಲೆಯ ಒಳಗೆ ಮಂಜು ಕಟ್ಟಿತು. ಸೆಲ್ಲಿನ ತಗಡು ತುಕ್ಕು ಹಿಡಿದು ದೀಪ ಆರಿತು.

ಕಾರಣವನ್ನು ನಿಧಾನವಾಗಿ ತಿಳಿದೆನು. ಬಿಸಿಲಿಗೆ ಕವಚದೊಳಗಿನ ಗಾಳಿ ಕಾದು ಹಿಗ್ಗುತ್ತದೆ; ಕಣ್ಣಿಗೆ ಕಾಣದ ಬಿರುಕಿನಿಂದ ಕೊಂಚ ಹೊರಬೀಳುತ್ತದೆ. ಒಮ್ಮೆಲೇ ಮಳೆ ಸುರಿದಾಗ ಒಳಗಿನ ಗಾಳಿ ತಣಿದು ಕುಗ್ಗಿ, ಅದೇ ಬಿರುಕಿನಿಂದ ನೀರನ್ನು ಹೀರಿಕೊಳ್ಳುತ್ತದೆ. ಒಳಬಂದ ನೀರಿಗೆ ಹೊರಹೋಗಲು ದಾರಿಯಿಲ್ಲ. ಬಕೆಟ್ಟಿನಲ್ಲಿ ಬಿಸಿಲೂ ಇರಲಿಲ್ಲ, ಅಷ್ಟು ಹೊತ್ತೂ ಇರಲಿಲ್ಲ.

ಎರಡನೆಯ ಕವಚದ ತಳಭಾಗದಲ್ಲಿ ನಾನೇ ಒಂದು ರಂಧ್ರ ಕೊರೆದೆನು. ಸೂಜಿಯ ಮೊನೆಯಷ್ಟಾದರೆ ನೀರಿನ ಹನಿಯೇ ಬಿರಡೆಯಂತೆ ಕುಳಿತುಬಿಡುತ್ತದೆ. ಆದ್ದರಿಂದ 5 ಮಿಲಿಮೀಟರ್ ಬೇಕು. ಸೆಲ್ಲುಗಳನ್ನು ತಳದಿಂದ ಮೇಲಕ್ಕೆ ಎತ್ತಿ ಕೂರಿಸಿದೆನು. ಬಿಲ್ಲೆಗೆ ಅಂಟಿನ ಬದಲು ಹಳೆಯ ಟ್ಯೂಬಿನಿಂದ ಕತ್ತರಿಸಿದ ರಬ್ಬರ್ ಬಳೆ, ಮೂರು ತಿರುಪು. ಸೆಲ್ ಬದಲಿಸಲು ಬಿಚ್ಚಬಹುದು. ಬೆಳಕು ಹರಡಲೆಂದು ಬಿಲ್ಲೆಯ ಒಳಮೈಯನ್ನು ಉಪ್ಪುಕಾಗದದಿಂದ ಉಜ್ಜಿದೆನು. ಕ್ಯಾರಿಯರಿನ ಮೇಲೆ ಕಟ್ಟಿದರೆ ತೆಂಗಿನಕಾಯಿಯ ಚೀಲ ದೀಪವನ್ನು ಮರೆಮಾಡುತ್ತದೆ. ಅದಕ್ಕಾಗಿ ಹಿಂದಿನ ಮಡ್‌ಗಾರ್ಡಿಗೇ ಬಿಗಿದೆನು.

ಪಕ್ಕದಲ್ಲಿ ಕೆಂಪು ಪ್ರತಿಫಲಕವೂ ಇರಲಿ. ಅದರೊಳಗಿನ ಸಣ್ಣ ಮೂಲೆಗಳಲ್ಲಿ ಒಂದಕ್ಕೊಂದು ಲಂಬವಾಗಿರುವ ಮೂರು ಮುಖಗಳು ಬೆಳಕನ್ನು ಬಂದ ದಿಕ್ಕಿಗೇ ಹಿಂದಿರುಗಿಸುತ್ತವೆ. 1969ರಲ್ಲಿ ಅಪೊಲೊ 11ರ ಯಾತ್ರಿಗಳು ಚಂದ್ರನ ಮೇಲೆ ಇಟ್ಟುಬಂದದ್ದೂ ಇದೇ ತತ್ತ್ವದ ಉಪಕರಣವನ್ನು. ಸೆಲ್ ಮುಗಿದರೂ ಇದು ಕೆಲಸ ಮಾಡುತ್ತದೆ. ಆದರೆ ಹಿಂದಿನ ವಾಹನದ ದೀಪ ಇದರ ಮೇಲೆ ಬೀಳಬೇಕು.

ಎಲ್ಲವೂ ಸಿದ್ಧವಾದ ಮೇಲೆ, ಮಬ್ಬುಗತ್ತಲಲ್ಲಿ ಸೈಕಲ್ಲನ್ನು ರಸ್ತೆಯಂಚಿಗೆ ನಿಲ್ಲಿಸಿ, ನೂರು ಹೆಜ್ಜೆ ಹಿಂದಕ್ಕೆ ನಡೆದು ತಿರುಗಿ ನೋಡಿದೆನು. ಬೆಳಕು ನೆಲದ ಕಡೆಗೆ ಬಾಗಿತ್ತು. ಮರಳಿ ಬಂದು ತಿರುಪನ್ನು ಸಡಿಲಿಸಿ, ದೀಪವನ್ನು ನೇರಗೊಳಿಸಿ, ಮತ್ತೊಮ್ಮೆ ನಡೆದೆನು.