ಇಟ್ಟಿಗೆಯ ದೀಪಸ್ತಂಭಗಳು

ಒಂದು ಸಮಾಜವು ತನ್ನ ಮಕ್ಕಳನ್ನು ಎಂಥ ಕಣ್ಣಿನಿಂದ ಕಾಣುತ್ತದೆ ಎಂಬುದನ್ನು ಅದು ಕಟ್ಟಿಸಿದ ಶಾಲೆಗಳೇ ಹೇಳುತ್ತವೆ. ಲಂಡನ್ ನಗರದ ಹಳೆಯ ಬಡಾವಣೆಗಳಲ್ಲಿ ಸಾಲುಮನೆಗಳ ನಡುವೆ ತಲೆಯೆತ್ತಿ ನಿಂತಿರುವ ಮೂರಂತಸ್ತಿನ ಇಟ್ಟಿಗೆಯ ಶಾಲೆಗಳು ಇದಕ್ಕೆ ಉತ್ತಮ ನಿದರ್ಶನ. ನೂರು ವರ್ಷಗಳಿಗೂ ಮಿಗಿಲಾದ ಆಯುಸ್ಸುಳ್ಳ ಈ ಕಟ್ಟಡಗಳಲ್ಲಿ ಅನೇಕವು ಇಂದಿಗೂ ಎಳೆಯ ಮಕ್ಕಳ ಶಾಲೆಗಳಾಗಿಯೇ ಉಳಿದಿವೆ.

ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಬಡ ಮಕ್ಕಳ ಶಾಲೆಯೆಂದರೆ ಬಹುಮಟ್ಟಿಗೆ ಒಂದೇ ಒಂದು ವಿಶಾಲವಾದ ಕೋಣೆ. ಈ ಪದ್ಧತಿಯ ಒಂದು ಬೇರು ದಕ್ಷಿಣ ಭಾರತದಲ್ಲಿತ್ತು. 1789ರಲ್ಲಿ ಮದರಾಸಿನ ಸೈನಿಕ ಅನಾಥಾಲಯದ ಮೇಲ್ವಿಚಾರಕನಾದ ಆಂಡ್ರ್ಯೂ ಬೆಲ್, ಅಲ್ಲಿಯ ಜಗಲಿಶಾಲೆಯಲ್ಲಿ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುವುದನ್ನು ಕಂಡನು. ಕನ್ನಡ ನಾಡಿನ ಕೂಲಿಮಠಗಳಲ್ಲಿಯೂ ರೂಢಿಯಲ್ಲಿದ್ದ ಕ್ರಮವಿದು. ಬಲ್ಲ ಹುಡುಗನು ಅರಿಯದ ಹುಡುಗನಿಗೆ ಕಲಿಸುವ ವಿಧಾನವನ್ನು ಬೆಲ್ ತನ್ನ ಶಾಲೆಯಲ್ಲಿ ರೂಪಿಸಿ, 1797ರಲ್ಲಿ ಅದರ ವಿವರವನ್ನು ಲಂಡನ್ನಿನಲ್ಲಿ ಪ್ರಕಟಿಸಿದನು. ಅದು ‘ಮದರಾಸು ಪದ್ಧತಿ’ ಎಂದು ಹೆಸರಾಯಿತು. ಒಬ್ಬನೇ ಉಪಾಧ್ಯಾಯನು ನೂರಾರು ಮಕ್ಕಳ ಮೇಲೆ ಕಣ್ಣಿಡಬೇಕಾಗಿದ್ದುದರಿಂದ ಒಳಗೋಡೆಗಳಿಲ್ಲದ ಕೋಣೆಯೇ ಈ ಪದ್ಧತಿಗೆ ಅನುಕೂಲವೆನಿಸಿತು. ಖರ್ಚು ಕಡಿಮೆ, ಗದ್ದಲ ಹೆಚ್ಚು.

1870ರ ಪ್ರಾಥಮಿಕ ಶಿಕ್ಷಣ ಶಾಸನವು ಈ ಸ್ಥಿತಿಯನ್ನು ಬದಲಿಸಿತು. ಶಾಲೆಗಳ ಕೊರತೆಯಿರುವ ಕಡೆ ಚುನಾಯಿತ ಶಾಲಾ ಮಂಡಲಿಗಳು ಸಾರ್ವಜನಿಕ ಹಣದಿಂದ ಶಾಲೆ ಕಟ್ಟಿಸಬಹುದೆಂದಾಯಿತು. ಅದೇ ವರ್ಷ ಲಂಡನ್ ಶಾಲಾ ಮಂಡಲಿಗೆ ನಡೆದ ಚುನಾವಣೆಯಲ್ಲಿ ಎಲಿಜಬೆತ್ ಗ್ಯಾರೆಟ್ ಮತ್ತು ಎಮಿಲಿ ಡೇವಿಸ್ ಎಂಬ ಇಬ್ಬರು ಮಹಿಳೆಯರೂ ಆಯ್ಕೆಯಾದರು. ಮರುವರ್ಷ ಎಡ್ವರ್ಡ್ ರಾಬರ್ಟ್ ರಾಬ್ಸನ್ ಮಂಡಲಿಯ ವಾಸ್ತುಶಿಲ್ಪಿಯಾಗಿ ನೇಮಕಗೊಂಡನು. ಇತರ ದೇಶಗಳ ಶಾಲೆಗಳನ್ನೂ ಅಭ್ಯಸಿಸಿ ಅವನು 1874ರಲ್ಲಿ ಶಾಲಾ ವಾಸ್ತುಶಿಲ್ಪವನ್ನು ಕುರಿತು ಗ್ರಂಥವನ್ನೇ ಬರೆದನು.

ಶಾಲೆಯು ಇಗರ್ಜಿಯಂತೆ ಕಾಣಬೇಕಾಗಿಲ್ಲ, ಅದಕ್ಕೆ ತನ್ನದೇ ಆದ ರೂಪವಿರಬೇಕು ಎಂಬುದು ರಾಬ್ಸನ್ನನ ನಿಲುವು. ನಗರದಲ್ಲಿ ನೆಲದ ಬೆಲೆ ದುಬಾರಿಯಾದ್ದರಿಂದ ಶಾಲೆಗಳು ಮೇಲಕ್ಕೆ ಬೆಳೆದವು. ನೆಲ ಅಂತಸ್ತು ಶಿಶುಗಳಿಗೆ, ಮೇಲಿನವು ಬಾಲಕ ಬಾಲಕಿಯರಿಗೆ ಮೀಸಲಾದವು. ಬರೆಯುವ ಬಲಗೈಯ ನೆರಳು ಹಾಳೆಯ ಮೇಲೆ ಬೀಳದಿರಲೆಂದು ಎಡಗಡೆಯಿಂದ ಬೆಳಕು ಬರುವಂತೆ ಎತ್ತರದ ಕಿಟಕಿಗಳನ್ನಿಟ್ಟರು. ಆದರೆ ಹೊರಗಿನ ನೋಟವು ಮನಸ್ಸನ್ನು ಸೆಳೆದೀತೆಂಬ ಭಯದಿಂದ ಆ ಕಿಟಕಿಗಳ ತಳವನ್ನು ಮಗುವಿನ ತಲೆಗಿಂತ ಮೇಲೆ ಇರಿಸುವುದೂ ಉಂಟು. ಬೆಳಕಿಗೆ ಪ್ರವೇಶವಿತ್ತು, ದೃಷ್ಟಿಗೆ ಇರಲಿಲ್ಲ. 1880ರಲ್ಲಿ ಹಾಜರಿ ಕಡ್ಡಾಯವಾಗಿ, 1891ರಲ್ಲಿ ಶುಲ್ಕದ ಹೊರೆ ಬಹುಮಟ್ಟಿಗೆ ಇಳಿದ ಮೇಲೆ ಬಡವರ ಮಕ್ಕಳು ಈ ಶಾಲೆಗಳನ್ನು ತುಂಬಿದರು. ಆರ್ಥರ್ ಕಾನನ್ ಡಾಯ್ಲ್ 1893ರಲ್ಲಿ ಪ್ರಕಟಿಸಿದ ಒಂದು ಕತೆಯಲ್ಲಿ, ರೈಲಿನಿಂದ ಈ ಕಟ್ಟಡಗಳನ್ನು ಕಂಡ ಪತ್ತೇದಾರ ಷರ್ಲಾಕ್ ಹೋಮ್ಸ್ ಅವುಗಳನ್ನು ದೀಪಸ್ತಂಭಗಳಿಗೆ ಹೋಲಿಸುತ್ತಾನೆ.

ಈ ದೀಪಸ್ತಂಭಗಳಿಗೂ ಯುದ್ಧದ ಬಿರುಗಾಳಿ ತಪ್ಪಲಿಲ್ಲ. 1917ರ ಜೂನ್ 13ರಂದು ಪೂರ್ವ ಲಂಡನ್ನಿನ ಪಾಪ್ಲರಿನಲ್ಲಿ, ಅಪ್ಪರ್ ನಾರ್ತ್ ಸ್ಟ್ರೀಟ್ ಶಾಲೆಯ ಮೇಲೆ ಜರ್ಮನ್ ವಿಮಾನದಿಂದ ಬಿದ್ದ ಬಾಂಬು ಮೇಲಿನ ಅಂತಸ್ತುಗಳನ್ನು ಭೇದಿಸಿಕೊಂಡು ಶಿಶುಗಳ ತರಗತಿಯಲ್ಲಿ ಸಿಡಿಯಿತು. 18 ಮಕ್ಕಳು ಅಸುನೀಗಿದರು. ಅವರಲ್ಲಿ ಬಹುಪಾಲು ಐದು ವರ್ಷದ ಆಸುಪಾಸಿನವರು. ಎಳೆಯರಿಗೆಂದು ಆರಿಸಿದ್ದ ಕೆಳಗಿನ ಅಂತಸ್ತೇ ಅಂದು ಅವರ ಪಾಲಿಗೆ ಮೃತ್ಯುಸ್ಥಾನವಾಯಿತು.

ಕಾಲ ಸರಿದಂತೆ ಶಿಕ್ಷಣದ ಕಲ್ಪನೆಯೂ ಬದಲಾಯಿತು. 1931ರ ಹ್ಯಾಡೋ ವರದಿಯು, ಏಳರಿಂದ ಹನ್ನೊಂದು ವರ್ಷದ ಮಕ್ಕಳ ಕಿರಿಯ ಶಾಲೆಯಲ್ಲಿ ಚಟುವಟಿಕೆ ಹಾಗೂ ಅನುಭವಗಳಿಗೆ ಪ್ರಾಧಾನ್ಯವಿರಬೇಕೆಂದು ಸಾರಿತು. ಕೈಕಟ್ಟಿ ಕುಳಿತು ಕೇಳುವುದಕ್ಕಾಗಿ ಕಟ್ಟಿದ ಕೋಣೆಗಳು ಓಡಾಡಿ, ಮಾಡಿ ಕಲಿಯುವವರಿಗೆ ಇಕ್ಕಟ್ಟಾದವು. ಅಂಗಳದಾಚೆಯ ಶೌಚಾಲಯಗಳು, ಚಳಿಗಾಲದಲ್ಲಿ ಬೆಚ್ಚಗಾಗದ ಎತ್ತರದ ಕೋಣೆಗಳು, ಕಾಲಿಗೆ ಬಲವಿಲ್ಲದ ಮಗು ಏರಲಾರದ ಮೆಟ್ಟಿಲುಗಳು, ಇವೆಲ್ಲ ಕೊರತೆಗಳಾಗಿ ಕಂಡವು.

ಕೆಡವಿ ಹೊಸದನ್ನು ಕಟ್ಟುವುದೋ, ಇದ್ದುದನ್ನೇ ತಿದ್ದುವುದೋ ಎಂಬ ಪ್ರಶ್ನೆ ಆಗ ಎದುರಾಯಿತು. ಕೆಲವು ಕಟ್ಟಡಗಳು ನೆಲಸಮವಾದವು. ಕೆಲವು ವಾಸದ ಮನೆಗಳಾದವು. ಉಳಿದವುಗಳಲ್ಲಿ ಹಲವನ್ನು ಸಂರಕ್ಷಿತ ಕಟ್ಟಡಗಳ ಪಟ್ಟಿಗೆ ಸೇರಿಸಲಾಯಿತು. ಜೀರ್ಣೋದ್ಧಾರದ ಕಾರ್ಯವೂ ಸದಾ ವಿವೇಕದಿಂದ ನಡೆಯಲಿಲ್ಲ. ಶಾಖವನ್ನು ಉಳಿಸಲೆಂದು ಕೆಲವೆಡೆ ಕೆಳಮಟ್ಟದಲ್ಲಿ ಒಳಚಾವಣಿ ಹಾಕಿದ್ದರಿಂದ ಎತ್ತರದ ಕಿಟಕಿಯ ಬೆಳಕೇ ಮರೆಯಾಗಿ, ಹಗಲಿನಲ್ಲಿಯೂ ವಿದ್ಯುದ್ದೀಪ ಉರಿಸಬೇಕಾಯಿತು. ಅನಂತರ ಬಂದವರು ಅಂಥ ಚಾವಣಿಗಳನ್ನು ತೆಗೆದು ಹಳೆಯ ಬೆಳಕನ್ನು ಮರಳಿ ತಂದರು. ಶೌಚಾಲಯಗಳು ಒಳಗೆ ಬಂದವು. ಇಳಿಜಾರು ಹಾದಿಗಳೂ ಲಿಫ್ಟುಗಳೂ ಸೇರಿದವು.

ಹಲವು ಶಾಲೆಗಳ ಬಾಗಿಲುಗಳ ಮೇಲೆ ‘ಬಾಲಕರು’, ‘ಬಾಲಕಿಯರು’, ‘ಶಿಶುಗಳು’ ಎಂಬ ಅರ್ಥದ ಇಂಗ್ಲಿಷ್ ಪದಗಳು ಕಲ್ಲಿನಲ್ಲಿ ಕೆತ್ತಿದಂತೆಯೇ ಉಳಿದಿವೆ. ಆ ಬಾಗಿಲುಗಳೊಳಗೆ ಈಗ ಎಲ್ಲರೂ ಕೂಡಿ ಹೋಗುತ್ತಾರೆ. ಅಕ್ಷರಗಳನ್ನು ಅಳಿಸದೆ ಅವುಗಳ ಕಟ್ಟಳೆಯನ್ನು ಮಾತ್ರ ಕೈಬಿಟ್ಟುದು ಈ ಜೀರ್ಣೋದ್ಧಾರದ ಸಾರ. ಹಿರಿಯರು ಕೊಟ್ಟ ಬೆಳಕನ್ನು ಉಳಿಸಿಕೊಂಡು, ಅವರು ಮುಚ್ಚಿದ ನೋಟವನ್ನು ತೆರೆಯುವುದು ಪ್ರತಿಯೊಂದು ತಲೆಮಾರಿನ ಹೊಣೆ.