ಗದ್ದೆ, ಬಾಣೆ, ಪೈಸಾರಿ: ಜಮೀನಿನ ಹೆಸರು ತಿಳಿದು ಬೇಸಾಯ ಮಾಡಿ

ದಕ್ಷಿಣ ಕೊಡಗಿನ ಬಾಳೆಲೆಯು ನಾಗರಹೊಳೆ ಕಾಡಿನ ಮಗ್ಗುಲಲ್ಲಿದೆ. ಇಲ್ಲಿನ ಸಣ್ಣ ರೈತರ ಹಿಡುವಳಿ ಸಾಮಾನ್ಯವಾಗಿ ಒಂದೇ ಕಡೆ ಸಮತಟ್ಟಾಗಿ ಇರುವುದಿಲ್ಲ. ತಗ್ಗಿನಲ್ಲಿ ಒಂದಿಷ್ಟು ಗದ್ದೆ, ಮೇಲಿನ ಇಳಿಜಾರಿನಲ್ಲಿ ಕಾಫಿ, ಮೆಣಸು ಇರುವ ಬಾಣೆ, ಮನೆಯ ಸುತ್ತ ಹಿತ್ತಲು, ಹೀಗೆ ಹರಡಿಕೊಂಡಿರುತ್ತದೆ. ಪ್ರತಿಯೊಂದು ತುಂಡಿಗೂ ಎರಡು ಬಗೆಯ ಹೆಸರುಂಟು. ಒಂದು ನೆಲದ ಗುಣವನ್ನು ತಿಳಿಸಿದರೆ, ಇನ್ನೊಂದು ಅದರ ಮೇಲಿನ ಹಕ್ಕನ್ನು ತಿಳಿಸುತ್ತದೆ. ಇವೆರಡನ್ನೂ ತಿಳಿಯದೆ ಗೊಬ್ಬರಕ್ಕೋ ಗಿಡಕ್ಕೋ ಹಣ ಹಾಕಿದರೆ ನಷ್ಟವಾಗುವ ಸಂಭವ ಹೆಚ್ಚು.

ನೆಲದ ಗುಣ ಹೇಳುವ ಹೆಸರುಗಳು

ಗದ್ದೆ ಎಂದರೆ ನೀರು ನಿಲ್ಲುವ ತಗ್ಗಿನ ಭೂಮಿ. ಮೇಲಿನಿಂದ ಕೊಚ್ಚಿ ಬಂದ ನಯವಾದ ಮಣ್ಣು ಇಲ್ಲಿ ಸೇರುತ್ತದೆ. ಮಲೆನಾಡಿನ ಇತರ ಭಾಗಗಳಲ್ಲಿ ಎತ್ತರದ, ಮಳೆಯನ್ನೇ ನಂಬಿದ ಗದ್ದೆಯನ್ನು ಮಕ್ಕಿ ಎನ್ನುತ್ತಾರೆ. ದಕ್ಷಿಣ ಕನ್ನಡದಲ್ಲಿ ಮೇಲಿನಿಂದ ಕೆಳಕ್ಕೆ ಬೆಟ್ಟು, ಮಜಲು, ಬಯಲು ಎಂಬ ಮೂರು ಮೆಟ್ಟಿಲುಗಳಿವೆ. ಬೆಟ್ಟು ಗದ್ದೆಯ ನೀರು ಬೇಗ ಬಸಿದುಹೋಗುವುದರಿಂದ ಅಲ್ಲಿಗೆ ಅಲ್ಪಾವಧಿ ತಳಿ ಒಪ್ಪುತ್ತದೆ. ಬಯಲಿನಲ್ಲಿ ನೀರು ಬಹುಕಾಲ ನಿಲ್ಲುತ್ತದೆ. ಹೆಸರು ಕೇಳಿದೊಡನೆ ತಳಿಯ ಅವಧಿಯನ್ನು ಅಂದಾಜು ಮಾಡಬಹುದು.

ಬಾಣೆ ಎಂದರೆ ಗದ್ದೆಯ ಮೇಲಿರುವ ಮರಗಿಡಗಳ ಎತ್ತರದ ಭೂಮಿ. 1899ರ ಕೊಡಗು ಭೂಮಿ ಮತ್ತು ಕಂದಾಯ ರೆಗ್ಯುಲೇಷನ್ ಪ್ರಕಾರ, ಗದ್ದೆಯ ಸೇವೆಗಾಗಿ ಕಂದಾಯವಿಲ್ಲದೆ ಬಿಟ್ಟುಕೊಟ್ಟ ಭೂಮಿ ಇದು. ದನ ಮೇಯಿಸಲು, ಸೊಪ್ಪು ಗೊಬ್ಬರಕ್ಕೆ, ಸೌದೆಗೆ ಮತ್ತು ಬೇಸಾಯಗಾರನ ಸ್ವಂತ ಬಳಕೆಯ ಮರಮುಟ್ಟಿಗೆ ಬಾಣೆ ಮೀಸಲಾಗಿತ್ತು. ಎಂದರೆ ಗದ್ದೆ ಮತ್ತು ಬಾಣೆ ಒಂದೇ ಬೇಸಾಯದ ಎರಡು ಅಂಗಗಳು.

ಬಾಣೆಯಲ್ಲಿ ಕಾಫಿ ಬಂದ ಮೇಲೆ ಆ ಸೊಪ್ಪು ಕಾಫಿ ಗಿಡದ ಬುಡಕ್ಕೇ ಬೇಕಾಯಿತು. ಗದ್ದೆಗೆ ಬರುವ ಸೊಪ್ಪು ಕಡಿಮೆಯಾಯಿತು. ಈ ಕೊರತೆಯನ್ನು ರಾಸಾಯನಿಕ ಗೊಬ್ಬರವೊಂದೇ ತುಂಬಲಾರದು. ಬದುಗಳ ಮೇಲೆ ಗ್ಲಿರಿಸಿಡಿಯಾ ನೆಡುವುದು, ನಾಟಿಗೆ ಮುಂಚೆ ಸೆಣಬು ಅಥವಾ ಡಯಾಂಚ ಬೆಳೆದು ಮಣ್ಣಿಗೆ ಸೇರಿಸುವುದು ಸೂಕ್ತ.

ಹಕ್ಕು ಹೇಳುವ ಹೆಸರುಗಳು

ಜಮ್ಮಾ: ವಂಶಪಾರಂಪರ್ಯವಾಗಿ ಬಂದ ಹಿಡುವಳಿ. ಹಿಂದೆ ಇದಕ್ಕೆ ಅರ್ಧ ಕಂದಾಯ. ಕೊಡವರಲ್ಲಿ ಇದು ಒಕ್ಕದ ಹೆಸರಿನಲ್ಲಿದ್ದು, ಪಟ್ಟೇದಾರರ ಮೂಲಕ ನಡೆದು ಬಂದಿದೆ.
ಸಾಗು: ಪೂರ್ಣ ಕಂದಾಯದ ಹಿಡುವಳಿ.
ಉಂಬಳಿ: ಸೇವೆಗಾಗಿ ಕೊಟ್ಟ ಭೂಮಿ.
ಪೈಸಾರಿ: ಸರ್ಕಾರಿ ಭೂಮಿ.
ದೇವರಕಾಡು: ದೇವರ ಹೆಸರಿನಲ್ಲಿ ಕಾಪಾಡಿಕೊಂಡು ಬಂದ ಕಾಡು.

ಇಂತಹ ವಿಶೇಷ ಹೆಸರುಗಳು ಕೊಡಗಿಗೆ ಮಾತ್ರ ಸೀಮಿತವಲ್ಲ. 1964ರ ಕರ್ನಾಟಕ ಭೂಕಂದಾಯ ಅಧಿನಿಯಮದ 79ನೇ ಪ್ರಕರಣವು ದಕ್ಷಿಣ ಕನ್ನಡದ ಕುಮ್ಕಿ, ಉತ್ತರ ಕನ್ನಡದ ಬೆಟ್ಟ ಮತ್ತು ಹಾಡಿ, ಹಳೆ ಮೈಸೂರಿನ ಕಾನು ಮತ್ತು ಸೊಪ್ಪಿನ ಬೆಟ್ಟ, ಕೊಡಗಿನ ಜಮ್ಮಾ ಮತ್ತು ಬಾಣೆಗಳನ್ನು ಒಟ್ಟಿಗೆ ಹೆಸರಿಸುತ್ತದೆ. ಬಾಣೆಯಲ್ಲಿ ಹಿಡುವಳಿದಾರನ ಹಕ್ಕು ಎಷ್ಟು ಎಂಬುದು ಬಹುಕಾಲ ವಿವಾದದಲ್ಲಿತ್ತು. ಜಮ್ಮಾ ಬಾಣೆಯ ಮಾಲೀಕತ್ವದ ವಿಷಯವಾಗಿಯೇ 2011ರ ತಿದ್ದುಪಡಿ ಕಾಯಿದೆ ಬಂದಿತು. ಮರ ಕಡಿಯುವ, ಸಾಲ ಎತ್ತುವ ಅಥವಾ ಜಮೀನು ಪಾಲು ಮಾಡುವ ಮುನ್ನ ಪಹಣಿಯಲ್ಲಿ ಯಾವ ಪದವಿದೆ ಎಂದು ನೋಡಲೇಬೇಕು.

ಅಳತೆಯಲ್ಲಿ ಎಚ್ಚರ

ಹಿಂದಿನವರು ಗದ್ದೆಯನ್ನು ಭತ್ತದ ಅಳತೆಯಾದ ಬಟ್ಟಿಯಲ್ಲಿ ಹೇಳುತ್ತಿದ್ದರು. ಅದು ಫಸಲಿನ ಲೆಕ್ಕವೇ ಹೊರತು ವಿಸ್ತೀರ್ಣದ ಲೆಕ್ಕವಲ್ಲ. ಆದ್ದರಿಂದ ಬಟ್ಟಿ ಲೆಕ್ಕ ಹಿಡಿದು ಗೊಬ್ಬರ ತರಬಾರದು.

ಕೊಡಗಿನಲ್ಲಿ ಎಕರೆಯನ್ನು ಸೆಂಟುಗಳಾಗಿ ಭಾಗಿಸುತ್ತಾರೆ. ಕಾಡಿನಾಚೆಯ ಹುಣಸೂರು ಸೀಮೆಯಲ್ಲಿ ಗುಂಟೆಗಳಾಗಿ ಭಾಗಿಸುತ್ತಾರೆ.

1 ಎಕರೆ = 100 ಸೆಂಟು = 40 ಗುಂಟೆ
1 ಗುಂಟೆ = 2.5 ಸೆಂಟು = 1089 ಚದರ ಅಡಿ
1 ಹೆಕ್ಟೇರ್ = ಸುಮಾರು 2 ಎಕರೆ 47 ಸೆಂಟು

ಉದಾಹರಣೆಗೆ ಕಾಗದದಲ್ಲಿ 1-25 ಎಂದಿದೆ ಎನ್ನೋಣ. ಸೆಂಟಾದರೆ ಅದು ಒಂದೂಕಾಲು ಎಕರೆ. ಗುಂಟೆಯಾದರೆ 1.625 ಎಕರೆ. ಎಕರೆಗೆ 40 ಕಿಲೋ ಗೊಬ್ಬರ ಹಾಕುವುದಾದರೆ ಮೊದಲನೆಯದಕ್ಕೆ 50 ಕಿಲೋ, ಎರಡನೆಯದಕ್ಕೆ 65 ಕಿಲೋ ಬೇಕು. ಸೆಂಟನ್ನು ಗುಂಟೆ ಎಂದು ಓದಿದವರಿಗೆ 15 ಕಿಲೋ ದಂಡ. ಸಾರಜನಕ ಹೆಚ್ಚಾದ ಭತ್ತ ಬೀಳುತ್ತದೆ, ಬೆಂಕಿ ರೋಗಕ್ಕೂ ಬೇಗ ಈಡಾಗುತ್ತದೆ.

ಸರ್ಕಾರಿ ಲೆಕ್ಕದಲ್ಲಿ 1 ಹೆಕ್ಟೇರ್‌ಗಿಂತ ಕಡಿಮೆ ಇದ್ದರೆ ಅತಿ ಸಣ್ಣ ಹಿಡುವಳಿ, 1ರಿಂದ 2 ಹೆಕ್ಟೇರ್ ಒಳಗಿದ್ದರೆ ಸಣ್ಣ ಹಿಡುವಳಿ. ಸಹಾಯಧನ ಕೇಳುವಾಗ ಈ ವ್ಯತ್ಯಾಸ ಮುಖ್ಯವಾಗುತ್ತದೆ.

ರೈತರು ಅನುಸರಿಸಬೇಕಾದ ಕ್ರಮ

1. ಒಂದು ಹಾಳೆಯಲ್ಲಿ ಹಿಡುವಳಿಯ ನಕ್ಷೆ ಬರೆದು, ಪ್ರತಿ ತುಂಡಿಗೂ ಊರಿನ ಹೆಸರು, ಸರ್ವೆ ನಂಬರು, ಪಹಣಿಯಲ್ಲಿನ ಪದ ಮತ್ತು ವಿಸ್ತೀರ್ಣವನ್ನು ಗುರುತಿಸಿ.
2. ಗದ್ದೆಯ ಮಣ್ಣನ್ನೂ ಬಾಣೆಯ ಮಣ್ಣನ್ನೂ ಬೆರೆಸಿ ಪರೀಕ್ಷೆಗೆ ಕಳಿಸಬೇಡಿ. ಗದ್ದೆಯಲ್ಲಿ ಸುಮಾರು 15 ಸೆಂ.ಮೀ., ಕಾಫಿ ತೋಟದಲ್ಲಿ ಸುಮಾರು 22 ಸೆಂ.ಮೀ. ಆಳದವರೆಗಿನ ಮಣ್ಣನ್ನು ಬೇರೆ ಬೇರೆಯಾಗಿ ತೆಗೆಯಿರಿ.
3. ಚೀಟಿಯ ಮೇಲೆ ಬರಿಯ "ಜಮೀನು" ಎಂದು ಬರೆಯದೆ ಗದ್ದೆ, ಬಾಣೆ, ಹಿತ್ತಲು ಎಂದು ಸ್ಪಷ್ಟವಾಗಿ ಬರೆಯಿರಿ.
4. ಗದ್ದೆಯಲ್ಲಿ ಶುಂಠಿ ಅಥವಾ ಅಡಿಕೆ ಹಾಕುವ ಮುನ್ನ, ಬಸಿಗಾಲುವೆಯ ನೀರು ಕೆಳಗಿನ ಗದ್ದೆಯವರಿಗೆ ತೊಂದರೆ ಮಾಡದಂತೆ ಮಾತನಾಡಿಕೊಳ್ಳಿ.
5. ಮಣ್ಣಿನ ಬಗ್ಗೆ ಸಂದೇಹವಿದ್ದರೆ ಗೋಣಿಕೊಪ್ಪಲಿನ ಕೃಷಿ ವಿಜ್ಞಾನ ಕೇಂದ್ರವನ್ನೂ, ಹಕ್ಕಿನ ಬಗ್ಗೆ ಸಂದೇಹವಿದ್ದರೆ ತಾಲ್ಲೂಕು ಕಚೇರಿಯನ್ನೂ ಸಂಪರ್ಕಿಸಿ.

ಮನೆಯ ಹಿರಿಯರಿಗೆ ಪ್ರತಿ ತುಂಡಿನ ಹೆಸರೂ, ಆ ಹೆಸರು ಬಂದ ಕಾರಣವೂ ಗೊತ್ತಿರುತ್ತದೆ. ಅವರು ಹೇಳಿದ್ದನ್ನು ಮೇಲಿನ ನಕ್ಷೆಯಲ್ಲಿ ಬರೆದಿಟ್ಟುಕೊಂಡರೆ, ಮುಂದೆ ಪಾಲಾಗುವಾಗ ಜಗಳ ತಪ್ಪುತ್ತದೆ. ಬೇಸಾಯ ಮಾಡುವವರಿಗೆ ನೆಲದ ಗುಣವೂ ತಿಳಿದಿರುತ್ತದೆ.