ಬ್ಯಾಂಕ್ ನೌಕರಿಗೆ ಓದುತ್ತಿದ್ದೀರಾ? ಸಾಲದ ವರದಿಯನ್ನೂ ಓದಿಕೊಳ್ಳಿ

ಪ್ರಿಲಿಮ್ಸ್, ಮೇನ್ಸ್, ಸಂದರ್ಶನ ಎಲ್ಲ ದಾಟಿ ನೇಮಕದ ಹೊಸ್ತಿಲಲ್ಲಿ ಎಡವುವವರಿದ್ದಾರೆ. ಕಾರಣ ಹುಡುಕಿದರೆ ಕಂತು ತಪ್ಪಿದ ಶಿಕ್ಷಣ ಸಾಲವೋ ಮೊಬೈಲ್ ಕೊಂಡಾಗಿನ ಇಎಂಐಯೋ ಸಿಗುತ್ತದೆ. ಜನರ ಹಣ ನೋಡಿಕೊಳ್ಳುವವರ ಸ್ವಂತ ಲೆಕ್ಕ ನೆಟ್ಟಗಿರಬೇಕೆಂಬುದು ಸರ್ಕಾರಿ ಬ್ಯಾಂಕುಗಳ ನಿಲುವು. ಎಸ್‌ಬಿಐ ಅಧಿಕಾರಿ ಹುದ್ದೆಗೆ ಆಯ್ಕೆಯಾದ ಒಬ್ಬರ ನೇಮಕ ಹೀಗೆಯೇ ರದ್ದಾಯಿತು. ಅಧಿಸೂಚನೆಗೆ ಮೊದಲೇ ಸಾಲ ತೀರಿಸಿದ್ದೆ ಎಂದು ಅವರು ವಾದಿಸಿದರೂ, 2025ರಲ್ಲಿ ಮದ್ರಾಸ್ ಹೈಕೋರ್ಟ್ ಬ್ಯಾಂಕಿನ ಕ್ರಮವನ್ನೇ ಎತ್ತಿಹಿಡಿಯಿತು.

ಸಾಲ ಇರುವುದು ತಪ್ಪಲ್ಲ, ಸುಸ್ತಿಯಾಗುವುದು ತಪ್ಪು. ಇದನ್ನು ತಲೆಯಲ್ಲಿಟ್ಟುಕೊಂಡು ಮುಂದೆ ಓದಿ.

ಮೊದಲು ವರದಿ ತರಿಸಿಕೊಳ್ಳಿ. ಸಿಬಿಲ್, ಎಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಕ್ರಿಫ್ ಹೈ ಮಾರ್ಕ್ ಎಂಬ, ಸಾಲದ ಇತಿಹಾಸ ದಾಖಲಿಸುವ ಈ ನಾಲ್ಕೂ ಸಂಸ್ಥೆಗಳು ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ಅವುಗಳ ಅಧಿಕೃತ ಜಾಲತಾಣದಲ್ಲೇ ಪಡೆಯಿರಿ. ದುಡ್ಡು ಕೇಳುವ ಮಧ್ಯವರ್ತಿಗಳ ಹತ್ತಿರ ಹೋಗಬೇಡಿ.

ವರದಿ ಬಂದ ಕೂಡಲೇ ಎಲ್ಲರೂ ಅಂಕ ನೋಡಿ ಮುಚ್ಚಿಡುತ್ತಾರೆ. 300ರಿಂದ 900ರ ನಡುವಿನ ಆ ಅಂಕಕ್ಕಿಂತ ಒಳಗಿನ ಪುಟಗಳು ಮುಖ್ಯ. ಪ್ರತಿ ಸಾಲದ ಕೆಳಗೆ ತಿಂಗಳಿಗೊಂದರಂತೆ ಚೌಕಗಳಿರುತ್ತವೆ. ಸೊನ್ನೆ ಇದ್ದರೆ ಆ ತಿಂಗಳ ಕಂತು ಹೊತ್ತಿಗೆ ಸರಿಯಾಗಿ ಬಿದ್ದಿದೆ. 90 ಎಂದಿದ್ದರೆ ತೊಂಬತ್ತು ದಿನ ತಡವಾಗಿದೆ. ನೀವು ಮಾಡಿಯೇ ಇಲ್ಲದ ಸಾಲ, ಗೆಳೆಯನಿಗೆ ಜಾಮೀನು ನಿಂತ ಸಾಲ, ಬಳಸದೆ ಬಿಟ್ಟ ಕ್ರೆಡಿಟ್ ಕಾರ್ಡಿನ ವಾರ್ಷಿಕ ಶುಲ್ಕ ಇವೆಯೇ ಎಂದೂ ಹುಡುಕಿ.

ಇನ್ನು, ಬಹಳಷ್ಟು ಮಂದಿ ಕೈ ಸುಟ್ಟುಕೊಳ್ಳುವ ವಿಷಯ: ‘ಸೆಟಲ್‌ಮೆಂಟ್’. ಎಪ್ಪತ್ತು ಸಾವಿರ ಬಾಕಿ ಇದೆ, ಮೂವತ್ತು ಕಟ್ಟಿ ಮುಗಿಸಿಬಿಡಿ ಎಂದು ವಸೂಲಿಯವರು ಫೋನ್ ಮಾಡುತ್ತಾರೆ. ಮನೆಯವರಿಗೆ ಭಾರ ಇಳಿದಂತಾಗುತ್ತದೆ. ಆದರೆ ವರದಿಯಲ್ಲಿ ಆ ಖಾತೆಯ ಮುಂದೆ ‘ಕ್ಲೋಸ್ಡ್’ ಎಂದು ಬರುವುದಿಲ್ಲ, ‘ಸೆಟಲ್ಡ್’ ಎಂದು ಬರುತ್ತದೆ. ಅಂದರೆ ಇವರು ಪೂರ್ತಿ ಕಟ್ಟಲಿಲ್ಲ, ಉಳಿದದ್ದನ್ನು ಬ್ಯಾಂಕ್ ಬಿಟ್ಟುಕೊಟ್ಟಿತು ಎಂದು. ಈ ಮಾತನ್ನು ವಸೂಲಿಯವರು ಹೇಳುವುದಿಲ್ಲ, ಅದು ಅನ್ಯಾಯವೆಂದೇ ನನ್ನ ಅಭಿಪ್ರಾಯ. ಬ್ಯಾಂಕ್ ಕೆಲಸದ ಆಸೆ ಇರುವವರು ಚಿನ್ನ ಅಡವಿಟ್ಟಾದರೂ ಪೂರ್ತಿ ಕಟ್ಟಿ. ಈಗಾಗಲೇ ಸೆಟಲ್ ಆಗಿದ್ದರೆ ಶಾಖೆಗೆ ಹೋಗಿ ಉಳಿಕೆ ಹಣ ಕಟ್ಟುತ್ತೇನೆಂದು ಬರವಣಿಗೆಯಲ್ಲಿ ಕೊಡಿ, ಕಟ್ಟಿ, ಬಾಕಿ ಇಲ್ಲವೆಂಬ ಪತ್ರವನ್ನು ಮೊಹರಿನ ಸಮೇತ ಪಡೆಯಿರಿ. ಬಾಯಿಮಾತು ನಂಬಬೇಡಿ. ಮನ್ನಾ ಆಗುತ್ತದೆಂದು ಕಾಯುವುದೂ ಬೇಡ. 2018ರಲ್ಲಿ ರಾಜ್ಯದಲ್ಲಿ ಮನ್ನಾ ಆದದ್ದು ರೈತರ ಬೆಳೆಸಾಲ, ಶಿಕ್ಷಣ ಸಾಲವಲ್ಲ.

ವರದಿಯಲ್ಲೇ ತಪ್ಪಿದ್ದರೆ ಆ ಸಂಸ್ಥೆಯ ಜಾಲತಾಣದಲ್ಲಿ ತಕರಾರು ದಾಖಲಿಸಿ. 30 ದಿನದೊಳಗೆ ಇತ್ಯರ್ಥವಾಗಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೇಳುವ ಹಕ್ಕು ನಿಮಗಿದೆ. ಅಲ್ಲೂ ಆಗದಿದ್ದರೆ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ ದೂರು ಕೊಡಿ, ಶುಲ್ಕವಿಲ್ಲ.

ಆಮೇಲೆ ಅಧಿಸೂಚನೆಯ ಅರ್ಹತೆಯ ಭಾಗವನ್ನು ಪದ ಬಿಡದೆ ಓದಿ. ಷರತ್ತು ಹುದ್ದೆಯಿಂದ ಹುದ್ದೆಗೆ ಬದಲಾಗುತ್ತದೆ. ಐಬಿಪಿಎಸ್ ಮೂಲಕ ಆಯ್ಕೆಯಾದವರು ಸೇರುವ ದಿನದೊಳಗೆ ಸಿಬಿಲ್ ವರದಿಯನ್ನು ಸರಿಪಡಿಸಿಕೊಳ್ಳಬಹುದು, ಇಲ್ಲವೇ ಸಾಲ ಕೊಟ್ಟವರಿಂದ ಬಾಕಿ ಇಲ್ಲವೆಂಬ ಪತ್ರ ತರಬಹುದು. ಎಸ್‌ಬಿಐಯ ಎಲ್ಲ ಹುದ್ದೆಗಳಲ್ಲೂ ಅಷ್ಟು ಸಡಿಲವಿರುತ್ತದೆಂದು ಭಾವಿಸಬೇಡಿ.

ಬೇರೆ ಹುದ್ದೆಗಳ ಬಗ್ಗೆ ಚುಟುಕಾಗಿ: ಕೇಂದ್ರ ಸರ್ಕಾರಿ ನೌಕರರು ಸದಾ ಸಾಲದಲ್ಲಿ ಮುಳುಗಿರಬಾರದೆಂದು 1964ರ ನಡತೆ ನಿಯಮಗಳ 17ನೇ ನಿಯಮ ಹೇಳುತ್ತದೆ. ಶಾಸಕ, ಸಂಸದರಾಗಲು ಸಾಲ ಅಡ್ಡಿಯಲ್ಲ, ಆದರೆ ಕೋರ್ಟಿನಿಂದ ದಿವಾಳಿಯೆಂದು ಘೋಷಿತರಾಗಿ ಅದರಿಂದ ಬಿಡುಗಡೆ ಆಗದವರು ಅನರ್ಹರು. ಅಭ್ಯರ್ಥಿಗಳು ಪ್ರಮಾಣಪತ್ರದಲ್ಲಿ ಸಾಲದ ವಿವರ ಕೊಡಲೇಬೇಕು.

ಅರ್ಜಿ ಹಾಕುವುದಕ್ಕೆ ಕನಿಷ್ಠ ಮೂರು ತಿಂಗಳ ಮುಂಚೆ ವರದಿ ತೆಗೆಸಿ. ಪರೀಕ್ಷೆ ಮುಗಿಯಲಿ, ಆಮೇಲೆ ನೋಡೋಣ ಎನ್ನಬೇಡಿ.